ದೀಪಕ್ಕೆ ಬಂದ ಪತಂಗ: ಹಗೆಯೋ, ನೆಂಟನೋ?



ಕಾಫಿ, ಅಡಿಕೆ ಬೆಳೆಯುವ ನಮಗೂ ಬಳ್ಳಾರಿಯ ಬಿಸಿಲಿಗೂ ಏನು ಸಂಬಂಧ ಎಂದು ಕೆಲವರು ಕೇಳಬಹುದು. ಸಂಬಂಧ ಇದೆ. ಕೊಯ್ಲಿನ ಕಾಲದಲ್ಲಿ ನಮ್ಮ ತೋಟಗಳಿಗೆ ಬಯಲುಸೀಮೆಯಿಂದ ಜನ ಬರುತ್ತಾರೆ. ವರ್ಷಗಟ್ಟಲೆ ಬಂದು ಹೋಗುವುದರಿಂದ ಅವರು ಕೂಲಿಯವರೆನ್ನುವುದಕ್ಕಿಂತ ಮನೆಯವರಂತೆಯೇ ಆಗಿಬಿಟ್ಟಿದ್ದಾರೆ. ಅಂಥ ಒಬ್ಬ ಹಳೆಯ ಮೇಸ್ತ್ರಿಯ ಮಗಳ ಮದುವೆಗೆ, ತುಳಸಿಪೂಜೆ ಕಳೆದ ಮೇಲೆ, ನಾವು ಮೂವರು ಸಿರುಗುಪ್ಪಕ್ಕೆ ಹೋಗಿದ್ದೆವು. ಹೋದದ್ದು ಮದುವೆಗೆ. ತಂದದ್ದು ಮಾತ್ರ ಬೆಂಕಿಪೊಟ್ಟಣದಲ್ಲಿ ನಾಲ್ಕಾರು ಪತಂಗ, ಸೀಸೆಯಲ್ಲಿ ಎರಡು ಹುಳ, ಮತ್ತು ನಮ್ಮ ತೋಟಕ್ಕೇ ಬೇಕಾದ ಒಂದು ಪಾಠ. ಆ ಪಾಠವನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

ಬಳ್ಳಾರಿಯ ಗೋಡೆಯ ಮೇಲೆ

ಮೊದಲ ರಾತ್ರಿ ಬಳ್ಳಾರಿ ಪಟ್ಟಣದಲ್ಲಿ ತಂಗಿದ್ದೆವು. ವಸತಿಗೃಹದ ಹಿಂಭಾಗದಲ್ಲಿ ಖಾಲಿ ನಿವೇಶನ, ಅದರ ತುಂಬ ಮುಳ್ಳಿನ ಜಾಲಿ. ಅಮೆರಿಕ ಖಂಡದಿಂದ ಬಂದ ಈ ಗಿಡ ಈ ಸೀಮೆಯಲ್ಲಿ ಎಷ್ಟು ಹಬ್ಬಿದೆಯೆಂದರೆ ಅದಕ್ಕೆ ಬಳ್ಳಾರಿ ಜಾಲಿ ಎಂದೇ ಹೆಸರು ಬಿದ್ದಿದೆ. ನಡುವೆ ನಡುವೆ ತುತ್ತಿ ಗಿಡ, ಒಣಹುಲ್ಲು. ಹೊರಗಿನ ಸುಣ್ಣದ ಗೋಡೆಗೆ ಒಂದು ಟ್ಯೂಬ್‌ಲೈಟು. ಊಟ ಮುಗಿಸಿ ಬರುವಾಗ ಆ ಗೋಡೆಯ ಮೇಲೆ ಗುಬ್ಬಚ್ಚಿ ಹಿಕ್ಕೆ ಹಾಕಿದಂಥ ಕಲೆಗಳು ಕಂಡವು. ಅರ್ಧ ಬಿಳಿ, ಅರ್ಧ ಮಾಸಲು ಕಪ್ಪು. ನಮ್ಮವರೊಬ್ಬರು ಬೆರಳು ತಾಗಿಸಿದರು. ಹಿಕ್ಕೆ ಹಾರಿಹೋಯಿತು!

ಅದು ಪತಂಗ. ರೆಕ್ಕೆ ಬಿಡಿಸಿದರೂ ಒಂದಂಗುಲ ದಾಟದ ಪುಟ್ಟ ಪ್ರಾಣಿ. ಹಕ್ಕಿಯ ಹಿಕ್ಕೆಯನ್ನು ಹಕ್ಕಿ ತಿನ್ನುವುದಿಲ್ಲವಷ್ಟೆ. ಹಗಲೆಲ್ಲ ಎಲೆಯ ಮೇಲೋ ಗೋಡೆಯ ಮೇಲೋ ಬಯಲಿನಲ್ಲೇ ಕುಳಿತಿದ್ದರೂ ಯಾರ ಕಣ್ಣಿಗೂ ಬೀಳದಿರಲು ಇದಕ್ಕಿಂತ ಒಳ್ಳೆಯ ವೇಷ ಬೇಕೆ? ಇವನ್ನು ಅಕಾಂಟಿಯ ಎಂಬ ಗುಂಪಿಗೆ ಸೇರಿಸುತ್ತಾರೆ. ಟರಾಕಿ ಎಂದೂ ಹಳೆಯ ಪುಸ್ತಕಗಳಲ್ಲಿ ಹೆಸರಿದೆ. ಒಣಸೀಮೆ, ಮರುಭೂಮಿಗಳಲ್ಲಿ ಈ ಬಗೆಯ ಚಿಕ್ಕ ಪತಂಗಗಳು ಹೆಚ್ಚು. ಮಳೆ ಬಿದ್ದು ಕಳೆ ಚಿಗುರಿದಾಗ ಬೇಗ ಬೇಗ ಬೆಳೆದು, ನೆಲ ಒಣಗಿದಾಗ ಮಣ್ಣೊಳಗೆ ಕೋಶವಾಗಿ ಕಾಯುವುದು ಅಂಥ ಸೀಮೆಗೆ ಒಗ್ಗಿದ ಬಾಳು. ನಮ್ಮ ಮಲೆನಾಡಿನಲ್ಲಿ ಒಂದು ವಾರದಲ್ಲಿ ಸುರಿಯುವ ಮಳೆ ಬಳ್ಳಾರಿಯಲ್ಲಿ ಇಡೀ ವರ್ಷಕ್ಕೆ ಆದರೆ ಅದೇ ದೊಡ್ಡದು. ಅಲ್ಲಿ ಬದುಕುವ ಹುಳಕ್ಕೂ ಜಿಪುಣತನ ಬಂದಿರುತ್ತದೆ.

ಈ ಗುಂಪಿನ ಮರಿಹುಳಗಳು ಹೆಚ್ಚಾಗಿ ದಾಸವಾಳದ ಬಳಗದ ಗಿಡಗಳನ್ನು, ಅಂದರೆ ತುತ್ತಿಯಂಥ ಕಳೆಗಳನ್ನು ತಿನ್ನುತ್ತವೆ. ಹತ್ತಿಯೂ ಅದೇ ಬಳಗದ್ದು. ಆದ್ದರಿಂದ ಇವುಗಳಲ್ಲಿ ಒಂದೆರಡು ಜಾತಿ ಹತ್ತಿಯ ಎಲೆಯನ್ನೂ ಕಡಿಯುತ್ತವೆ. ಆದರೆ ಕಾಯಿ ಕೊರೆಯುವ ಹುಳಗಳ ಮುಂದೆ ಇವುಗಳ ಹಾವಳಿ ಯಾವ ಲೆಕ್ಕಕ್ಕೂ ಬರುವಂಥದಲ್ಲ.

ಗೂಬೆಯ ಹೆಸರು ಏಕೆ?

ಇವೆಲ್ಲ ಸೇರಿದ ದೊಡ್ಡ ಬಳಗಕ್ಕೆ ಗೂಬೆ ಪತಂಗಗಳು ಎಂದು ಹೆಸರು. ಶಾಸ್ತ್ರದ ಹೆಸರು ನಾಕ್ಟುಯಿಡೀ. ಲ್ಯಾಟಿನ್ ಭಾಷೆಯಲ್ಲಿ ನಾಕ್ಟುವ ಎಂದರೆ ಚಿಕ್ಕ ಗೂಬೆ. ರಾತ್ರಿ ಟಾರ್ಚು ಬಿಟ್ಟರೆ ಇವುಗಳ ಕಣ್ಣು ಕೆಂಡದಂತೆ ಹೊಳೆಯುತ್ತದೆ. ಹೆಚ್ಚಿನವು ದಪ್ಪ ಮೈಯವು, ಮಾಸಲು ಬಣ್ಣದವು, ರಾತ್ರಿ ಹಾರುವವು.

ಇವಕ್ಕೆ ಕಿವಿಯೂ ಉಂಟು. ಎದೆಯ ಹಿಂಭಾಗದಲ್ಲಿ, ರೆಕ್ಕೆಯ ಬುಡದ ಹತ್ತಿರ, ತೆಳುಪೊರೆಯ ಎರಡು ಕಿವಿ. ಬಾವಲಿಯ ಕೂಗು ನಮಗೆ ಕೇಳಿಸದು, ಇವಕ್ಕೆ ಕೇಳುತ್ತದೆ. ದೀಪದ ಸುತ್ತ ಪತಂಗ ಹಾರುತ್ತಿರುವಾಗ ಬೀಗದಕೈ ಗೊಂಚಲನ್ನು ಜೋರಾಗಿ ಅಲುಗಿಸಿ ನೋಡಿ. ಕೆಲವು ಥಟ್ಟನೆ ದಿಕ್ಕು ಬದಲಿಸುತ್ತವೆ, ಕೆಲವು ಕಲ್ಲಿನಂತೆ ಕೆಳಗೆ ಬೀಳುತ್ತವೆ. ಬೀಗದಕೈಗಳ ಕಿಣಿಕಿಣಿಯಲ್ಲಿ ಬಾವಲಿಯ ಕೂಗಿನಂಥ ತೀಕ್ಷ್ಣ ಸ್ವರವೂ ಸೇರಿರುವುದೇ ಕಾರಣ. ಮಕ್ಕಳಿಗೆ ತೋರಿಸಲು ಒಳ್ಳೆಯ ಆಟ.

ನಮ್ಮ ದೇಶದಲ್ಲಿ ಪತಂಗಗಳ ಜಾತಿ ಹತ್ತು ಸಾವಿರಕ್ಕೂ ಮಿಕ್ಕಿ ಇವೆ. ಅವುಗಳಲ್ಲಿ ಬೆಳೆಗೆ ಹಗೆಯಾದವು ಕೆಲವೇ. ಇವನ್ನು ಮೊದಲು ಒಂದು ಕ್ರಮಕ್ಕೆ ತಂದು ಗ್ರಂಥ ಬರೆದ ಜಾರ್ಜ್ ಹ್ಯಾಂಪ್ಸನ್ ಎಂಬಾತ ನಮ್ಮಂತೆಯೇ ತೋಟಗಾರ ಎಂಬುದು ಸಂತೋಷದ ವಿಷಯ. ನೀಲಗಿರಿಯಲ್ಲಿ ಚಹಾ ಬೆಳೆಯಲು ಬಂದ ಈ ಆಂಗ್ಲ, ಪತಂಗದ ಹುಚ್ಚು ಹಿಡಿಸಿಕೊಂಡು, ೧೮೯೨ರಿಂದ ೧೮೯೬ರ ನಡುವೆ ಭಾರತದ ಪತಂಗಗಳ ಮೇಲೆ ನಾಲ್ಕು ಸಂಪುಟಗಳನ್ನು ಹೊರತಂದ. ಬಳಿಕ ಬೈನ್‌ಬ್ರಿಜ್ ಫ್ಲೆಚರ್ ೧೯೧೪ರಲ್ಲಿ ದಕ್ಷಿಣ ಭಾರತದ ಕೀಟಗಳ ಮೇಲೆ ಬರೆದ ಪುಸ್ತಕವೂ, ರಾಮಕೃಷ್ಣ ಅಯ್ಯರ್ ಅವರ ೧೯೪೦ರ ಕೈಪಿಡಿಯೂ ಬಂದವು. ಆಗ ಬಳ್ಳಾರಿ ಮದರಾಸು ಪ್ರಾಂತ್ಯದಲ್ಲಿತ್ತು. ೧೯೫೩ರ ಅಕ್ಟೋಬರ್ ೧ರಂದು ಅದು ಮೈಸೂರು ರಾಜ್ಯಕ್ಕೆ ಸೇರಿತು.

ಸಿರುಗುಪ್ಪದ ಚಪ್ಪರದಲ್ಲಿ

ಮರುದಿನ ಸಿರುಗುಪ್ಪ. ತುಂಗಭದ್ರೆಯ ಕಾಲುವೆ ನೀರು ಬಂದ ಮೇಲೆ ಈ ತಾಲ್ಲೂಕಿನ ಚಹರೆಯೇ ಬೇರೆ. ಕಣ್ಣು ಹಾಯುವವರೆಗೆ ಭತ್ತದ ಗದ್ದೆ. ಕಾಲುವೆ ಹತ್ತದ ಎರೆನೆಲದಲ್ಲಿ ಹತ್ತಿ, ಮೆಣಸಿನಕಾಯಿ, ಜೋಳ. ಮೇಸ್ತ್ರಿಯ ಮನೆಯ ಮುಂದೆ ಚಪ್ಪರ, ಚಪ್ಪರದ ತುಂಬ ದೀಪ, ದೀಪದ ತುಂಬ ಹುಳ. ಊಟದ ಎಲೆಗೂ ಬೀಳತೊಡಗಿದಾಗ ಮೇಸ್ತ್ರಿಯ ತಮ್ಮನ ಮಗ ಗಾಬರಿಯಿಂದ ನಮ್ಮ ಬಳಿ ಬಂದ.

"ಸಾವ್ಕಾರ್ರ, ಇವು ಅದ ಹೊಸಾ ಸೈನಿಕ ಹುಳದ ಪಾತರಗಿತ್ತಿ ಅಂತ ಹೇಳ್ಯಾರ್ರೀ ಅಂಗಡ್ಯಾಗ. ನಾಳೆ ಮುಂಜಾನೆನ ಎಣ್ಣಿ ಹೊಡೀಬೇಕ್ರಿ. ತಂದು ಇಟ್ಟೀನಿ."

ಅಲ್ಲಿ ಕೀಟನಾಶಕಕ್ಕೆ ಎಣ್ಣಿ ಎನ್ನುತ್ತಾರೆ. ನಾವು ಔಷಧಿ ಎನ್ನುತ್ತೇವೆ. ಹೆಸರು ಏನೇ ಇರಲಿ, ವಿಷ ವಿಷವೇ. ಮೂರು ಎಕರೆ ಹತ್ತಿ, ಒಂದು ಎಕರೆ ಮೆಣಸಿನಕಾಯಿ ಇಟ್ಟ ಹುಡುಗ. ಮದುವೆಯ ಖರ್ಚಿನ ನಡುವೆಯೇ ಸಾಲ ಮಾಡಿ ಎರಡು ಬಾಟಲಿ ತಂದಿದ್ದ. "ತಮ್ಮಾ, ಹೊಡೆಯುವ ಮೊದಲು ಯಾವುದು ಬಂದಿದೆ ಅಂತ ನೋಡೋಣ" ಎಂದೆವು. ಚಪ್ಪರದ ಮೂಲೆಯಲ್ಲಿ ಒಂದು ಬಿಳಿ ಪಂಚೆ ಕಟ್ಟಿ, ಅದರ ಮುಂದೆ ಒಂದು ಬಲ್ಬು ಇಳಿಬಿಟ್ಟೆವು. ಅರ್ಧ ಗಂಟೆಯಲ್ಲಿ ಪಂಚೆಯ ಮೇಲೆ ಜಾತ್ರೆ ನೆರೆಯಿತು. ಒಂದೊಂದನ್ನೇ ಗಾಜಿನ ಲೋಟದಿಂದ ಮುಚ್ಚಿ, ಕೆಳಗೆ ಕಾಗದ ಸರಿಸಿ, ಹುಡುಗನಿಗೆ ತೋರಿಸುತ್ತ ಹೋದೆವು.

ಯಾವುದನ್ನು ನೋಡಬೇಕು?

ಪತಂಗವನ್ನು ಗುರುತಿಸುವಾಗ ಬಣ್ಣವೊಂದನ್ನೇ ನಂಬಬಾರದು. ಹಳತಾದ ಪತಂಗದ ಮೈಮೇಲಿನ ಪುಡಿ ಉದುರಿ ಎಲ್ಲವೂ ಒಂದೇ ಬಣ್ಣ ಆಗುತ್ತವೆ. ಈ ಕ್ರಮದಲ್ಲಿ ನೋಡುವುದು ಒಳ್ಳೆಯದು.

ಮೊದಲನೆಯದು, ಕುಳಿತ ಭಂಗಿ. ಗೂಬೆ ಪತಂಗಗಳು ಹೆಚ್ಚಾಗಿ ರೆಕ್ಕೆಯನ್ನು ಮನೆಯ ಮಾಡಿನಂತೆ ಇಳಿಜಾರಾಗಿ ಮಡಿಸುತ್ತವೆ.

ಎರಡನೆಯದು, ಮುಂದಿನ ರೆಕ್ಕೆಯ ಗುರುತುಗಳು. ಈ ಬಳಗದ ಅನೇಕ ಪತಂಗಗಳ ರೆಕ್ಕೆಯ ನಡುವೆ ಒಂದು ದುಂಡು ಚುಕ್ಕೆ, ಅದರ ಆಚೆ ಮೂತ್ರಪಿಂಡದ ಆಕಾರದ ಒಂದು ಚುಕ್ಕೆ ಇರುತ್ತದೆ. ಅಡ್ಡಡ್ಡ ಅಂಕುಡೊಂಕು ಗೆರೆಗಳೂ ಇರುತ್ತವೆ. ಅವು ಎಲ್ಲಿವೆ, ಹೇಗಿವೆ ಎಂಬುದೇ ಜಾತಿಯ ಗುರುತು.

ಮೂರನೆಯದು, ಹಿಂದಿನ ರೆಕ್ಕೆ. ಕುಳಿತಾಗ ಇದು ಕಾಣದು. ಕಡ್ಡಿಯಿಂದ ಮೆಲ್ಲನೆ ಮುಂದಿನ ರೆಕ್ಕೆ ಸರಿಸಿ ನೋಡಬೇಕು. ಎಷ್ಟೋ ಸಲ ಉತ್ತರ ಇಲ್ಲೇ ಇರುತ್ತದೆ.

ನಾಲ್ಕನೆಯದು, ಅಳತೆ. ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ನೋಡಿದರೆ ನಮ್ಮ ಕಣ್ಣು ಎಷ್ಟು ಮೋಸ ಮಾಡುತ್ತದೆ ಎಂಬುದು ತಿಳಿಯುತ್ತದೆ.

ಹೀಗೆ ನೋಡಿದಾಗ ಆ ರಾತ್ರಿ ಪಂಚೆಯ ಮೇಲೆ ಕಂಡವು ಇವು:

ಕಾಯಿಕೊರಕದ ಪತಂಗ, ಅಂದರೆ ಹೆಲಿಕೋವರ್ಪ. ದಪ್ಪ ಮೈ, ಒಣಹುಲ್ಲಿನ ಬಣ್ಣ. ಹಿಂದಿನ ರೆಕ್ಕೆ ಮಾಸಲು ಬಿಳಿ, ಅದರ ಅಂಚಿಗೆ ಕಪ್ಪನೆಯ ಅಗಲ ಪಟ್ಟಿ. ಆ ಪಟ್ಟಿಯೇ ಇದರ ಗುರುತು. ಹತ್ತಿ, ಕಡಲೆ, ತೊಗರಿ, ಟೊಮೇಟೊ, ಎಲ್ಲಕ್ಕೂ ಹಗೆ.

ಸ್ಪೊಡಾಪ್ಟೆರ, ಅಂದರೆ ತಂಬಾಕಿನ ಎಲೆ ತಿನ್ನುವ ಹುಳದ ಪತಂಗ. ಮುಂದಿನ ರೆಕ್ಕೆ ಕಂದು, ಅದರ ಮೇಲೆ ಬಿಳಿ ಗೆರೆಗಳು ಬಲೆ ಹೆಣೆದಂತೆ. ಹಿಂದಿನ ರೆಕ್ಕೆ ಹೊಳೆಯುವ ಬಿಳುಪು. ಮೆಣಸಿನ ಗಿಡಕ್ಕೂ ಬರುತ್ತದೆ.

ಹತ್ತಿಯ ಚುಕ್ಕೆ ಕಾಯಿಕೊರಕದ ಪತಂಗ. ಮುಕ್ಕಾಲು ಅಂಗುಲದ್ದು. ಕೆನೆಬಣ್ಣದ ರೆಕ್ಕೆಯ ನಡುವೆ ಹಸಿರು ಪಟ್ಟೆ. ನೋಡಲು ಚೆಂದ, ಕೆಲಸ ಕೆಟ್ಟದ್ದು.

ಉಳಿದವು ಭತ್ತದ ಸಣ್ಣ ಪತಂಗಗಳು, ಬಳ್ಳಾರಿಯ ಗೋಡೆಯ ಮೇಲೆ ಕಂಡ ಹಿಕ್ಕೆ ಪತಂಗಗಳು, ಮತ್ತು ಅರ್ಧ ಅಂಗುಲವೂ ಇಲ್ಲದ ತಿಳಿಗುಲಾಬಿ, ತಿಳಿಹಳದಿ ಪಟ್ಟೆಯ ಕೆಲವು. ಈ ಕೊನೆಯವುಗಳ ಮಾತು ಮುಂದೆ ಬರುತ್ತದೆ.

ಅಂಗಡಿಯಲ್ಲಿ ಹೇಳಿದ ಹೊಸ ಸೈನಿಕ ಹುಳದ ಪತಂಗ ಅಲ್ಲಿ ಒಂದೂ ಇರಲಿಲ್ಲ. ಈ ಹುಳ ಅಮೆರಿಕ ಖಂಡದಿಂದ ಬಂದದ್ದು. ಭಾರತದಲ್ಲಿ ಮೊದಲು ಕಂಡದ್ದು ನಮ್ಮ ಮಲೆನಾಡಿನ ಮಗ್ಗುಲಲ್ಲೇ. ೨೦೧೮ರಲ್ಲಿ ಶಿವಮೊಗ್ಗದ ಮೆಕ್ಕೆಜೋಳದಲ್ಲಿ ಅಲ್ಲಿನ ಕೃಷಿ ಮತ್ತು ತೋಟಗಾರಿಕೆ ವಿಶ್ವವಿದ್ಯಾಲಯದ ಕೀಟತಜ್ಞರು ಇದನ್ನು ಗುರುತಿಸಿದರು. ಗಂಡು ಪತಂಗದ ಮುಂದಿನ ರೆಕ್ಕೆಯ ತುದಿಯಲ್ಲಿ ಒಂದು ಬಿಳಿ ಮಚ್ಚೆ ಇರುತ್ತದೆ. ಮರಿಹುಳದ ತಲೆಯ ಮೇಲೆ ತಲೆಕೆಳಗಾದ ಇಂಗ್ಲಿಷಿನ ವೈ ಅಕ್ಷರ, ಬಾಲದ ಹತ್ತಿರ ಚೌಕಾಕಾರವಾಗಿ ನಾಲ್ಕು ಕಪ್ಪು ಚುಕ್ಕೆ. ಇದರ ಮುಖ್ಯ ಆಹಾರ ಮೆಕ್ಕೆಜೋಳ. ಹತ್ತಿ, ಮೆಣಸಿನಕಾಯಿ ಇಟ್ಟ ಹುಡುಗ ಅದಕ್ಕೆಂದು ಎರಡು ಬಾಟಲಿ ತಂದಿಟ್ಟಿದ್ದ.

ದೀಪ ಕರೆದದ್ದು, ಹೊಲ ಕರೆದದ್ದು

ಇನ್ನೊಂದು ಮಾತು ಇದಕ್ಕಿಂತ ಮುಖ್ಯ. ಪತಂಗ ದೀಪಕ್ಕೆ ಬಂದ ಮಾತ್ರಕ್ಕೆ ಬೆಳೆಗೆ ಬಂತು ಎಂದಲ್ಲ. ದೀಪ ಊರಿನ ಸುತ್ತಲಿನ ಕಳೆ, ಜಾಲಿ, ಗದ್ದೆ, ಹಳ್ಳದ ದಂಡೆ, ಎಲ್ಲ ಕಡೆಯವರನ್ನೂ ಕರೆಯುತ್ತದೆ. ಮದುವೆಗೆ ಬಂದವರೆಲ್ಲ ನೆಂಟರಲ್ಲ ಎಂದಹಾಗೆ ದೀಪಕ್ಕೆ ಬಂದವೆಲ್ಲ ಹಗೆಗಳಲ್ಲ. ಇದಕ್ಕೇ ಮೋಹಕ ಬಲೆ ಎಂಬ ಸಾಧನ ಬಂದದ್ದು. ಹೆಣ್ಣು ಪತಂಗದ ವಾಸನೆಯನ್ನು ರಬ್ಬರಿನ ಗುಂಡಿಯಲ್ಲಿ ಸೇರಿಸಿ ಬಲೆಗೆ ಇಡುತ್ತಾರೆ. ಒಂದು ಜಾತಿಯ ವಾಸನೆಗೆ ಆ ಜಾತಿಯ ಗಂಡುಗಳೇ ಬರುತ್ತವೆ. ಹೆಸರು ಗುರುತಿಸುವ ಅರ್ಧ ಕೆಲಸವನ್ನು ಪತಂಗವೇ ಮಾಡಿಕೊಡುತ್ತದೆ. ಹತ್ತಿಯ ಗುಲಾಬಿ ಕಾಯಿಕೊರಕಕ್ಕೆ ಒಂದು ಬಲೆಗೆ ರಾತ್ರಿಗೆ ೮ ಪತಂಗದಂತೆ ಸತತ ಮೂರು ರಾತ್ರಿ ಬಿದ್ದರೆ ಮಾತ್ರ ಕ್ರಮ ಕೈಗೊಳ್ಳಿ ಎಂದು ತಜ್ಞರು ಹೇಳುತ್ತಾರೆ. ದೀಪಕ್ಕೆ ಅಂಥ ಲೆಕ್ಕ ಇಲ್ಲ.

ಬೆಳಿಗ್ಗೆ, ಅರಿಶಿನ ಹಚ್ಚುವ ಶಾಸ್ತ್ರಕ್ಕೆ ಇನ್ನೂ ಹೊತ್ತಿರುವಾಗಲೇ, ಹುಡುಗನ ಜೊತೆ ಹೊಲಕ್ಕೆ ಹೋದೆವು. ಎರೆಮಣ್ಣು ಚಪ್ಪಲಿಗೆ ಸೇರು ಸೇರಾಗಿ ಅಂಟಿಕೊಂಡಿತು. ಮೂಲೆಯಿಂದ ಮೂಲೆಗೆ ನಡೆದು, ಅಲ್ಲಲ್ಲಿ ನಿಂತು, ಐವತ್ತು ಗಿಡ ನೋಡಿದೆವು. ಹೂ, ಮೊಗ್ಗು, ಕಾಯಿ ಬಿಡಿಸಿ ನೋಡಿದೆವು. ಕೊರೆದ ಕಾಯಿ ಬೆರಳೆಣಿಕೆಯಷ್ಟು. ಜೇಡ, ಗುಲಗಂಜಿ ಹುಳ ಧಾರಾಳ. "ಹಂಗಾರ ಎಣ್ಣಿ ಬ್ಯಾಡೇನ್ರಿ?" ಎಂದ. "ಈ ವಾರ ಬೇಡ. ಮುಂದಿನ ವಾರ ಹೀಗೇ ಎಣಿಸು. ಎಣಿಕೆ ಏರಿದರೆ ಸಿರುಗುಪ್ಪದ ಕೃಷಿ ಸಂಶೋಧನಾ ಕೇಂದ್ರದಲ್ಲಿ ಹುಳವನ್ನೇ ತೋರಿಸಿ ಕೇಳು" ಎಂದೆವು. ಬಾಟಲಿಗಳ ಮುಚ್ಚಳ ಅಂದು ತೆರೆಯಲಿಲ್ಲ. ಮದುವೆ ಸುಸೂತ್ರವಾಗಿ ನಡೆಯಿತು.

ಕುರುಗೋಡಿನ ಬದನೆ ಎಲೆ

ಬರುವಾಗ ಕುರುಗೋಡಿನಲ್ಲಿ ಇಳಿದು ದೊಡ್ಡಬಸವೇಶ್ವರನ ದರ್ಶನ ಮಾಡಿದೆವು. ಬಂಡೆಗುಡ್ಡಗಳ ಮಗ್ಗುಲಲ್ಲಿ ಕುಳಿತ ಆ ಬೃಹತ್ ಬಸವನ ಮುಂದೆ ನಿಂತರೆ ಮನುಷ್ಯ ತಾನು ಎಷ್ಟು ಚಿಕ್ಕವ ಎಂದು ತಿಳಿಯುತ್ತದೆ. ಅಲ್ಲಿ ಮೇಸ್ತ್ರಿಯ ಬೀಗರ ಮನೆ. ಹಿತ್ತಲಲ್ಲಿ ನಾಲ್ಕು ಸಾಲು ಬದನೆ. ಅಜ್ಜಿಯೊಬ್ಬರು, "ನೋಡ್ರಿಪಾ, ಎಲಿ ಎಲ್ಲಾ ಬೀಡಿ ಸುತ್ತಿದಂಗ ಸುತ್ಯಾವ" ಎಂದರು. ನಿಜವೇ. ಎಲೆಗಳು ಉದ್ದಕ್ಕೆ ಸುತ್ತಿಕೊಂಡಿದ್ದವು. ಬಿಡಿಸಿದರೆ ಒಳಗೆ ನೇರಳೆ ಕಂದು ಬಣ್ಣದ, ಹಳದಿ ಬಿಳುಪಿನ ಚುಕ್ಕೆಯ ಗಿಡ್ಡ ಹುಳ. ಎರಡನ್ನು ಎಲೆಸಮೇತ ಸೀಸೆಗೆ ಹಾಕಿ, ಬಾಯಿಗೆ ತೆಳುಬಟ್ಟೆ ಕಟ್ಟಿ ಊರಿಗೆ ತಂದೆವು. ಸುತ್ತಿದ ಎಲೆಗಳನ್ನು ಕಿತ್ತು ಹೂಳಿದರೆ ಸಾಕು, ಬೇರೇನೂ ಬೇಡ ಎಂದು ಅಜ್ಜಿಗೆ ಹೇಳಿ ಬಂದೆವು.

ಊರಲ್ಲಿ ಹುಳ ಕೋಶವಾಯಿತು. ಕೆಲದಿನಗಳಲ್ಲಿ ಪತಂಗ ಹೊರಬಂತು. ಚಿಕ್ಕದು, ಮುಂದಿನ ರೆಕ್ಕೆಯಲ್ಲಿ ಹಸಿರು ಛಾಯೆಯ ಪಟ್ಟೆ. ಬದನೆ ಎಲೆಸುರುಳಿ ಹುಳ ಎಂದು ಪುಸ್ತಕಗಳಲ್ಲಿ ಹೆಸರಿರುವ ಯೂಬ್ಲೆಮ್ಮ ಆಲಿವೇಸಿಯ. ಸಿರುಗುಪ್ಪದ ಪಂಚೆಯ ಮೇಲೆ ಕಂಡ ತಿಳಿಗುಲಾಬಿ ಪಟ್ಟೆಯ ಪುಟ್ಟ ಪತಂಗಗಳೂ ಇದೇ ಯೂಬ್ಲೆಮ್ಮ ಗುಂಪಿನವು ಎಂದು ಆಗ ಹೊಳೆಯಿತು. ಒಣಸೀಮೆಗಳಲ್ಲಿ ಈ ಗುಂಪಿನ ಜಾತಿಗಳು ಹೇರಳ. ಮೂತಿಯ ಎರಡು ಬದಿಯಿಂದ ಮೇಲಕ್ಕೆ ಬಾಗಿದ ಕೊಂಬಿನಂಥ ಅಂಗ, ಮೃದುವಾದ ಬಣ್ಣದ ಪಟ್ಟೆಗಳು, ಒಂದಂಗುಲಕ್ಕೂ ಕಡಿಮೆ ಅಗಲ, ಇವು ಗುಂಪಿನ ಲಕ್ಷಣ. ಮರಿಹುಳಕ್ಕೆ ಹೊಟ್ಟೆಯ ಕೆಳಗಿನ ಹುಸಿಗಾಲುಗಳು ಕಡಿಮೆ. ಆದ್ದರಿಂದ ಬೆನ್ನು ಬಾಗಿಸಿ ನಡೆಯುತ್ತದೆ.

ಈ ಗುಂಪನ್ನು ಹಿಂದೆ ಗೂಬೆ ಪತಂಗಗಳ ಬಳಗದಲ್ಲೇ ಇಟ್ಟಿದ್ದರು. ಈಚಿನ ವರ್ಷಗಳಲ್ಲಿ ವಂಶವಾಹಿಗಳನ್ನು ಪರೀಕ್ಷಿಸಿದ ಮೇಲೆ ಎರೆಬಿಡೀ ಎಂಬ ನೆರೆಯ ಬಳಗಕ್ಕೆ ಸೇರಿಸಿದ್ದಾರೆ. ಹಳೆಯ ಪುಸ್ತಕ, ಹೊಸ ಪುಸ್ತಕ ಎರಡರಲ್ಲೂ ಬೇರೆ ಬೇರೆ ಕಂಡರೆ ಗಾಬರಿ ಬೇಡ. ಹುಳ ಅದೇ.

ಒಂದೇ ಮನೆತನ, ಮೂರು ದಾರಿ

ಈಗ ನಮ್ಮ ತೋಟಕ್ಕೆ ಬರೋಣ. ಯೂಬ್ಲೆಮ್ಮ ಗುಂಪಿನ ಒಂದು ಜಾತಿ ಬದನೆ ಎಲೆ ತಿನ್ನುತ್ತದೆ ಎಂದೆವು. ಇನ್ನೊಂದು ಜಾತಿ, ಅಮಾಬಿಲಿಸ್ ಎಂಬುದು, ಎಲೆಯನ್ನೇ ಮುಟ್ಟುವುದಿಲ್ಲ. ಅದರ ಮರಿ ಅರಗಿನ ಹುಳಗಳನ್ನು ತಿನ್ನುತ್ತದೆ. ಜಾರ್ಖಂಡದ ಅರಗು ಬೆಳೆಗಾರರಿಗೆ ಅದು ದೊಡ್ಡ ಹಗೆ. ಮೂರನೆಯದು ಸಿಟುಲ. ಮೆಡಿಟರೇನಿಯನ್ ತೀರದಿಂದ ಆಫ್ರಿಕ, ಭಾರತದವರೆಗೆ ಹರಡಿದ ಈ ಪತಂಗದ ಮರಿ, ಗಿಡದ ರಸ ಹೀರುವ ಶಲ್ಕಕೀಟಗಳನ್ನು ತಿಂದು ಬದುಕುತ್ತದೆ. ತಿಂದುಳಿದ ಚಿಪ್ಪುಗಳನ್ನೇ ನೂಲಿನಿಂದ ಹೆಣೆದು ಬೆನ್ನಿಗೆ ಹೊದ್ದುಕೊಳ್ಳುತ್ತದೆ. ಬರಿಗಣ್ಣಿಗೆ ಅದು ಶಲ್ಕಕೀಟದ ಕಸದ ಗುಪ್ಪೆಯಂತೆಯೇ ಕಾಣುತ್ತದೆ.

ಒಂದೇ ಮನೆತನ. ಒಬ್ಬ ಎಲೆ ತಿನ್ನುವವ, ಒಬ್ಬ ಅರಗು ಕೆಡಿಸುವವ, ಒಬ್ಬ ನಮ್ಮ ಹಗೆಯನ್ನು ತಿನ್ನುವವ. ಪತಂಗ ಬೆಳೆದು ರೆಕ್ಕೆ ಬಂದಾಗ ಮೂವರೂ ಅಣ್ಣತಮ್ಮಂದಿರಂತೆ ಕಾಣುತ್ತಾರೆ. ಆದ್ದರಿಂದಲೇ ಹೆಸರು ಗುರುತಿಸುವುದು ಬರೀ ಪಂಡಿತರ ಕೆಲಸ ಅಲ್ಲ, ಬೆಳೆಗಾರನ ಕೆಲಸ.

ಇಲ್ಲಿ ನಮ್ಮ ತಪ್ಪನ್ನೇ ಹೇಳಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ, ಹೂಮಳೆಗೆ ಮುಂಚಿನ ಬಿಸಿಲಿನಲ್ಲಿ, ನಮ್ಮ ಒಂದು ಪಟ್ಟೆ ಕಾಫಿಗೆ ಹಸಿರು ಶಲ್ಕಕೀಟ, ತೋಟದ ಮಾತಿನಲ್ಲಿ ಗ್ರೀನ್ ಬಗ್, ಹತ್ತಿತ್ತು. ಎಲೆಯ ಅಡಿ ನಡುನರದ ಉದ್ದಕ್ಕೂ ಸಾಲು. ಅಂಟು ಸುರಿದು ಎಲೆಯ ಮೇಲೆ ಕಾಡಿಗೆಯಂಥ ಬೂಷ್ಟು. ಇರುವೆಗಳ ಓಡಾಟ. ಆ ಸಾಲಿನ ನಡುವೆ ಮೆಲ್ಲಗೆ ಚಲಿಸುವ ಕಪ್ಪು ಗುಪ್ಪೆಗಳೂ ಇದ್ದವು. "ಇದ್ಯಾವುದೋ ಹೊಸ ಹುಳ" ಎಂದುಕೊಂಡು, ಹತ್ತಿರ ನೋಡದೆ, ಎಲ್ಲವನ್ನೂ ಕೊಲ್ಲುವ ಔಷಧಿ ಹೊಡೆಸಿದೆವು. ಹದಿನೈದು ದಿನ ಗಿಡ ಸ್ವಚ್ಛವಾಗಿತ್ತು. ಆಮೇಲೆ ಶಲ್ಕಕೀಟ ಮೊದಲಿಗಿಂತ ಹೆಚ್ಚಾಗಿ ಬಂತು. ಚಿಪ್ಪಿನಡಿ ಅಡಗಿದ್ದ ಮರಿಗಳು ಉಳಿದಿದ್ದವು, ಅವನ್ನು ತಿನ್ನುವ ಗುಪ್ಪೆಗಳು, ಗುಲಗಂಜಿ ಹುಳಗಳು ಸತ್ತಿದ್ದವು. ಔಷಧಿಯ ಹಣ, ಆಳಿನ ಹಣ ಹೋಯಿತು. ಜೊತೆಗೆ ಸಂಬಳ ಕೇಳದ ಕಾವಲುಗಾರರೂ ಹೋದರು.

ಬಳ್ಳಾರಿಯಿಂದ ಬಂದ ಮೇಲಿನ ಫೆಬ್ರವರಿಯಲ್ಲಿ ಅಂಥದೇ ಗುಪ್ಪೆ ಮತ್ತೆ ಕಂಡಿತು. ಈ ಸಲ ಔಷಧಿ ಹೊಡೆಸಲಿಲ್ಲ. ಎಲೆಸಮೇತ ಸೀಸೆಯಲ್ಲಿಟ್ಟೆವು. ಗುಪ್ಪೆ ದಿನವೂ ಶಲ್ಕಕೀಟಗಳನ್ನು ಖಾಲಿ ಮಾಡುತ್ತ ಹೋಯಿತು. ಕಡೆಗೆ ಹೊರಬಂದದ್ದು ಪುಟ್ಟ, ಮೃದು ಪಟ್ಟೆಯ ಪತಂಗ. ಅದೇ ಮನೆತನ. ತೋಟದಲ್ಲಿ ಇರುವೆ ಗೂಡುಗಳನ್ನು ತೆಗೆಸಿ, ತೀರ ಹೆಚ್ಚಾದ ಗಿಡಗಳಿಗೆ ಮಾತ್ರ ಗುರುತು ಕಟ್ಟಿ ಮದ್ದು ಮಾಡಿದೆವು. ಮಳೆಗಾಲ ಹತ್ತಿದ ಮೇಲೆ ಶಲ್ಕಕೀಟದ ಸುತ್ತ ಬಿಳಿಯ ಉಂಗುರ ಕಟ್ಟುವ ಬೂಷ್ಟು ಬಂದು ಉಳಿದದ್ದನ್ನು ಮುಗಿಸಿತು.

ನಮ್ಮ ಇತರ ಗೆಳೆಯರು

ಕಾಫಿ ತೋಟಕ್ಕೆ ಹುಳ ತಿನ್ನುವ ಹುಳ ಹೊಸದಲ್ಲ. ಗ್ರೀನ್ ಬಗ್ ಹತೋಟಿಗೆಂದು ೧೮೯೮ರಷ್ಟು ಹಿಂದೆಯೇ ಆಸ್ಟ್ರೇಲಿಯದಿಂದ ಕ್ರಿಪ್ಟೊಲೀಮಸ್ ಎಂಬ ಗುಲಗಂಜಿ ಹುಳವನ್ನು ಭಾರತಕ್ಕೆ ತಂದರು. ಗ್ರೀನ್ ಬಗ್ ಮೇಲೆ ಅದು ಅಷ್ಟಾಗಿ ಫಲಿಸಲಿಲ್ಲ, ಹಿಟ್ಟು ತಿಗಣೆಗೆ ಮಾತ್ರ ಯಮನಾಯಿತು. ಹಿಟ್ಟು ತಿಗಣೆಯನ್ನು ತಿನ್ನುವ ಇನ್ನೊಂದು ಮರಿಹುಳ ಸ್ಪಾಲ್ಗಿಸ್ ಎಂಬ ಚಿಟ್ಟೆಯದು. ಮೈಮೇಲೆ ತಿಗಣೆಯ ಹಿಟ್ಟನ್ನೇ ಬಳಿದುಕೊಂಡಿರುತ್ತದೆ. ಅದರ ಕೋಶ ಕೋತಿಯ ಮುಖದಂತೆ ಕಾಣುತ್ತದೆ. ಕಾಫಿ ಗಿಡದಲ್ಲಿ ಅಂಥ ಕೋತಿಮುಖ ಕಂಡರೆ ಕೈಮುಗಿದು ಬಿಟ್ಟುಬಿಡಿ.

ಹಗೆಗಳೂ ಇವೆ. ಅಡಿಕೆಯ ಹಿಂಗಾರ ತಿನ್ನುವ ಹುಳದ ತಾಯಿಯೂ ಪತಂಗವೇ, ಆದರೆ ಅದು ಗೂಬೆ ಪತಂಗದ ಬಳಗದ್ದಲ್ಲ. ಕಿತ್ತಲೆ ಹಣ್ಣಿಗೆ ರಾತ್ರಿ ಸೂಜಿ ಚುಚ್ಚಿದಂತೆ ಚುಚ್ಚಿ ಉದುರಿಸುವ ದೊಡ್ಡ ಪತಂಗ ಯೂಬ್ಲೆಮ್ಮದ ದೂರದ ನೆಂಟ. ಹಿಂದಿನ ರೆಕ್ಕೆ ಕಿತ್ತಲೆ ಬಣ್ಣ, ಮೇಲೆ ಕಪ್ಪು ಗುರುತು. ಅದರ ಮರಿ ಬೆಳೆಯುವುದು ಬೇಲಿಯ ಅಮೃತಬಳ್ಳಿಯ ಬಳಗದ ಬಳ್ಳಿಗಳಲ್ಲಿ. ತೋಟದಲ್ಲಿ ಎಷ್ಟು ಔಷಧಿ ಹೊಡೆದರೂ ಹುಟ್ಟುವ ಮನೆ ಬೇಲಿಯಲ್ಲಿದ್ದರೆ ಏನು ಬಂತು? ಹೆಸರು ತಿಳಿದರೆ ಮನೆ ತಿಳಿಯುತ್ತದೆ. ಮನೆ ತಿಳಿದರೆ ಉಪಾಯ ತಿಳಿಯುತ್ತದೆ.

ವಿವೇಚನೆಯಿಲ್ಲದೆ ಸುರಿದ ವಿಷದ ಬೆಲೆ ಎಷ್ಟೆಂದು ನೆರೆಯ ಕಾಸರಗೋಡು ಸೀಮೆ ನಮಗೆ ತೋರಿಸಿದೆ. ಅಲ್ಲಿನ ಗೇರು ಗುಡ್ಡಗಳ ಮೇಲೆ ವರ್ಷಗಟ್ಟಲೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದರು. ೨೦೧೧ರಲ್ಲಿ ಸರ್ವೋಚ್ಚ ನ್ಯಾಯಾಲಯ ಆ ವಿಷವನ್ನೇ ನಿಷೇಧಿಸುವ ಹೊತ್ತಿಗೆ ಎಷ್ಟೋ ಮನೆಗಳ ಮಕ್ಕಳ ಬಾಳು ಕೆಟ್ಟಿತ್ತು.

ಮಾದರಿ ಕಳಿಸುವುದು ಹೇಗೆ?

ಸದಸ್ಯರು ಈ ಕ್ರಮ ಅನುಸರಿಸಬೇಕಾಗಿ ಕೋರಿಕೆ.

೧. ಪತಂಗವನ್ನು ಬೆರಳಿನಿಂದ ಹಿಡಿಯಬೇಡಿ. ರೆಕ್ಕೆಯ ಪುಡಿಯಲ್ಲೇ ಗುರುತು ಇರುವುದು. ಲೋಟ ಮುಚ್ಚಿ, ಕಾಗದ ಸರಿಸಿ ಹಿಡಿಯಿರಿ.

೨. ಡಬ್ಬಿಯಲ್ಲಿಟ್ಟು ಒಂದು ರಾತ್ರಿ ಫ್ರಿಜ್ಜಿನ ಮಂಜುಗಡ್ಡೆ ಖಾನೆಯಲ್ಲಿಡಿ. ಬಳಿಕ ತ್ರಿಕೋನವಾಗಿ ಮಡಿಸಿದ ಕಾಗದದಲ್ಲಿ ಒಣಗಿಸಿ, ಬೆಂಕಿಪೊಟ್ಟಣದಲ್ಲಿ ಹತ್ತಿಯ ನಡುವೆ ಇಡಿ. ಪ್ಲಾಸ್ಟಿಕ್ ಚೀಲ ಬೇಡ, ಬೂಷ್ಟು ಹಿಡಿಯುತ್ತದೆ.

೩. ಊರು, ತಾರೀಖು, ದೀಪಕ್ಕೆ ಬಂದದ್ದೋ ಗಿಡದಲ್ಲಿ ಸಿಕ್ಕಿದ್ದೋ, ಯಾವ ಗಿಡ, ಇವನ್ನು ಪೆನ್ಸಿಲ್ಲಿನಲ್ಲಿ ಬರೆದು ಜೊತೆಗಿಡಿ. ಚೀಟಿ ಇಲ್ಲದ ಮಾದರಿ ವಿಳಾಸವಿಲ್ಲದ ಕಾಗದದಂತೆ.

೪. ಸಾಧ್ಯವಿದ್ದಲ್ಲಿ ಮರಿಹುಳವನ್ನೇ ಸಾಕಿ ಪತಂಗ ಮಾಡಿ. ಹುಳ ಏನು ತಿಂದಿತು ಎಂಬುದು ನಿಮ್ಮ ಕಣ್ಣಾರೆ ತಿಳಿಯುತ್ತದೆ. ಇದಕ್ಕಿಂತ ದೊಡ್ಡ ಸಾಕ್ಷಿ ಬೇರಿಲ್ಲ.

೫. ಮೊಬೈಲಿನಲ್ಲಿ ಚಿತ್ರ ತೆಗೆಯುವುದಾದರೆ ಮೇಲಿನಿಂದ ಒಂದು, ಪಕ್ಕದಿಂದ ಒಂದು, ಹಿಂದಿನ ರೆಕ್ಕೆ ಕಾಣುವಂತೆ ಒಂದು, ಪಕ್ಕದಲ್ಲಿ ಅಳತೆಪಟ್ಟಿ ಇಟ್ಟು ತೆಗೆಯಿರಿ.

ಒಂದು ಮಾತು ನೆನಪಿರಲಿ. ಯೂಬ್ಲೆಮ್ಮ, ಅಕಾಂಟಿಯದಂಥ ಚಿಕ್ಕ ಪತಂಗಗಳಲ್ಲಿ ಚಿತ್ರ ನೋಡಿ ಗುಂಪನ್ನು ಹೇಳಬಹುದು, ಜಾತಿಯನ್ನು ಹೇಳುವುದು ಎಷ್ಟೋ ಸಲ ಆಗದು. ತಜ್ಞರು ಪತಂಗದ ಬಾಲದ ತುದಿಯನ್ನು ಕ್ಷಾರದಲ್ಲಿ ಕುದಿಸಿ, ಒಳಗಿನ ಜನನಾಂಗದ ಆಕಾರವನ್ನು ಸೂಕ್ಷ್ಮದರ್ಶಕದಲ್ಲಿ ನೋಡಿ ತೀರ್ಮಾನಿಸುತ್ತಾರೆ. ಬೀಗಕ್ಕೆ ಬೀಗದಕೈ ಇದ್ದಂತೆ ಪ್ರತಿ ಜಾತಿಗೂ ಅದರದೇ ಆಕಾರ. ಈಚೆಗೆ ಕಾಲಿನ ಒಂದು ತುಂಡಿನಿಂದ ವಂಶವಾಹಿ ಓದುವ ವಿಧಾನವೂ ಬಂದಿದೆ. ಆದ್ದರಿಂದ ಚಿತ್ರ ಕಳಿಸಿದರೂ ಹುಳವನ್ನು ಎಸೆಯಬೇಡಿ.

ಕಾಫಿಯ ಹುಳಗಳಿಗೆ ಬಾಳೆಹೊನ್ನೂರಿನ ಬಳಿ ೧೯೨೫ರಲ್ಲಿ ಸ್ಥಾಪನೆಯಾದ ಕೇಂದ್ರೀಯ ಕಾಫಿ ಸಂಶೋಧನಾ ಸಂಸ್ಥೆ, ಅಡಿಕೆಗೆ ವಿಟ್ಲದ ಸಂಶೋಧನಾ ಕೇಂದ್ರ, ಹೆಸರೇ ತಿಳಿಯದ ಹುಳಕ್ಕೆ ಬೆಂಗಳೂರಿನ ರಾಷ್ಟ್ರೀಯ ಕೃಷಿ ಕೀಟ ಸಂಪನ್ಮೂಲ ಬ್ಯೂರೊ, ಇವು ನಮಗೆ ಹತ್ತಿರದ ಬಾಗಿಲುಗಳು.

ಕೊನೆಯದಾಗಿ, ಸಿರುಗುಪ್ಪದ ಹುಡುಗನ ಸುದ್ದಿ. ಕಾಫಿ ಕೊಯ್ಲಿಗೆ ಬಂದಾಗ ಮೇಸ್ತ್ರಿ ಹೇಳಿದರು: "ಎಣಿಕಿ ಮಾಡಿ ಮಾಡಿ ಒಂದ ಸಲ ಹೊಡದಾನ್ರಿ. ಹೋದ ವರ್ಷ ಐದು ಸಲ ಹೊಡದಿದ್ದ." ನಾಲ್ಕು ಸಲದ ಹಣ ಉಳಿಯಿತು, ನಾಲ್ಕು ಸಲದ ವಿಷ ಅವನ ಮೈಗೆ ಬೀಳುವುದು ತಪ್ಪಿತು. ಅದಕ್ಕೆ ಅವನಿಗೆ ಬೇಕಾದದ್ದು ಒಂದು ಬಿಳಿ ಪಂಚೆ, ಒಂದು ಬಲ್ಬು, ಅರ್ಧ ಗಂಟೆಯ ತಾಳ್ಮೆ.

ಈ ಬೇಸಿಗೆಯಲ್ಲಿ ನಮ್ಮ ಸದಸ್ಯರೂ ಔಷಧಿ ಡ್ರಮ್ಮಿಗೆ ಕೈ ಹಾಕುವ ಮುನ್ನ ಒಂದು ಎಲೆ ತಿರುಗಿಸಿ ನೋಡಲಿ. ಗುಪ್ಪೆ ಹೊತ್ತು ನಡೆಯುವ ಹುಳ ಕಂಡರೆ ಸಂಘದ ಕಚೇರಿಗೆ ತಂದು ತೋರಿಸಲಿ. ಅದು ನಮ್ಮ ಮನೆಗೆ ಬಂದ ನೆಂಟನೇ ಇರಬಹುದು.